ಯಜಮಾನನ ಸೊತ್ತನ್ನು ಕಾಪಾಡಿದ ಸೇವಕನು: ಜಾನ್ ವೆಸ್ಲಿಯವರ ಚರಿತ್ರೆ

ಒಬ್ಬ ಯಜಮಾನನು ತನ್ನ ಆಳಿಗೆ ಒಂದು ಜೊತೆ ಎತ್ತುಗಳನ್ನು ಒಪ್ಪಿಸಿ, ಹೊಲವನ್ನು ಉಳಬೇಕೆಂದು ಅಪ್ಪಣೆಕೊಟ್ಟನೆಂದು ಭಾವಿಸಿರಿ. ಆಳು ಆ ಎತ್ತುಗಳನ್ನು ಕೊಟ್ಟಿಗೆಯಲ್ಲಿಯೇ ಕಟ್ಟಿ ಮೇಯಿಸಿ ಕೊಬ್ಬಿಸಿದರೆ ಹೊಲವು ಬೀಳುಬೀಳುವದು. ಅವುಗಳಿಗೆ ಮೇವನ್ನೂ ನೀರನ್ನೂ ಕೊಡದೆ ಹಗಲಿರುಳು ಹೂಡಿದರೆ ಬಿತ್ತನೆಯ ಕಾಲವು ಮುಗಿಯುವದಕ್ಕೆ ಮುಂಚೆಯೇ ಅವು ನೊಗದ ಕೆಳಗೆ ಬಿದ್ದುಹೋಗುವವು. ಹೀಗೆ ಮಾಡಿದರೂ ಹಾಗೆ ಮಾಡಿದರೂ ಯಜಮಾನನಿಗೆ ನಷ್ಟವೇ. ದೇವರು ನಮಗೆ ಕೊಟ್ಟಿರುವ ದೇಹವೂ ಮನಸ್ಸೂ ಆ ಎತ್ತುಗಳ ಹಾಗೆ ಒಪ್ಪಿಸಲ್ಪಟ್ಟ ಸೊತ್ತಾಗಿವೆ. ಆದರೂ ದೇಹವನ್ನು ಅಲಕ್ಷ್ಯಮಾಡುವದೇ ಭಕ್ತಿಯ ಗುರುತೆಂದು ಎಣಿಸುವವರು ನಮ್ಮ ಸಭೆಗಳಲ್ಲಿ ಕೆಲವರಿದ್ದಾರೆ. ಅಂಥವರಿಗೆ ಜಾನ್ ವೆಸ್ಲಿಯವರ ಚರಿತ್ರೆಯು ಬಹು ಪ್ರಯೋಜನವಾದದ್ದು. ಯಾಕಂದರೆ ಇವರು ತಮ್ಮ ಕಾಲದವರಲ್ಲಿ ಬಹು ಹೆಚ್ಚಾಗಿ ದುಡಿದವರೂ ತಮ್ಮ ದೇಹವನ್ನು ಎಚ್ಚರಿಕೆಯಿಂದ ಕಾಪಾಡಿದವರೂ ಆಗಿದ್ದರು.

ಇವರು ೧೭೦೩ನೆಯ ಇಸವಿಯ ಜೂನ್ ತಿಂಗಳಲ್ಲಿ ಇಂಗ್ಲೆಂಡ್ ದೇಶದ ಲಿಂಕನ್‌ಷೈರ್ ಸೀಮೆಗೆ ಸೇರಿದ ಎಪ್‌ವರ್ತ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆಯಾದ ಸಾಮ್ಯುವೆಲ್ ವೆಸ್ಲಿಯವರು ಆ ಊರಿನ ಸಭಾಪಾಲಕರು. ತಾಯಿಯಾದ ಸುಸಾನಮ್ಮನವರು ಹತ್ತೊಂಬತ್ತು ಮಕ್ಕಳನ್ನು ಹೆತ್ತವರು. ಅವರಲ್ಲಿ ಅನೇಕರು ಎಳೆತನದಲ್ಲಿಯೇ ತೀರಿಹೋದರು. ಬಡತನವೂ ಸಾಲವೂ ಇದ್ದ ಆ ಮನೆಯಲ್ಲಿ ಈ ತಾಯಿಯು ಎಲ್ಲಾ ಕೆಲಸಗಳಿಗೂ ಹೊತ್ತುಗಳನ್ನು ಗೊತ್ತುಮಾಡಿದ್ದಳು. ವಾರಕ್ಕೊಂದು ಸಾಯಂಕಾಲ ಒಂದೊಂದು ಮಗುವನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು ಅದರ ಆತ್ಮದ ವಿಷಯ ಮಾತಾಡುತ್ತಿದ್ದಳು. ಜಾನನಿಗೆ ಗುರುವಾರವು ಗೊತ್ತಾಗಿತ್ತು. ಹುಡುಗನಿಗೆ ಐದು ವರ್ಷವಾಗಿದ್ದಾಗ, ೧೭೦೯ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ, ಒಂದು ರಾತ್ರಿ ಮನೆಗೆ ಬೆಂಕಿ ಹತ್ತಿತು. ಮಿಕ್ಕವರೆಲ್ಲರೂ ಹೊರಗೆ ಬಂದ ಮೇಲೆ ಜಾನನು ಮೇಲಿನ ಕಿಟಕಿಯಲ್ಲಿ ಕಾಣಿಸಿಕೊಂಡನು. ಒಬ್ಬನ ಹೆಗಲ ಮೇಲೆ ಮತ್ತೊಬ್ಬನು ಹತ್ತಿ ಅವನನ್ನು ಇಳಿಸಿದ ಕೂಡಲೆ ಮಾಳಿಗೆಯು ಕುಸಿದುಬಿತ್ತು. ದೇವರು ತನ್ನನ್ನು ಒಂದು ಕಾರ್ಯಕ್ಕಾಗಿ ಉಳಿಸಿದನೆಂಬ ಭಾವವು ಜಾನನನ್ನು ಕಡೆಯ ವರೆಗೂ ಬಿಡಲಿಲ್ಲ.

ಹತ್ತು ವರ್ಷದ ಪ್ರಾಯದಲ್ಲಿ ಲಂಡನ್ ಪಟ್ಟಣದ ಚಾರ್ಟರ್‌ಹೌಸ್ ಶಾಲೆಗೆ ಕಳುಹಿಸಲ್ಪಟ್ಟನು. ಅಲ್ಲಿ ದೊಡ್ಡ ಹುಡುಗರು ಚಿಕ್ಕವರ ಪಾಲಿನ ಮಾಂಸವನ್ನು ಕಿತ್ತುಕೊಳ್ಳುತ್ತಿದ್ದದರಿಂದ ಅವನಿಗೆ ಬಹುಕಾಲ ರೊಟ್ಟಿಯೇ ಮುಖ್ಯ ಆಹಾರವಾಯಿತು. ಆದರೆ ಪ್ರತಿದಿನ ಬೆಳಿಗ್ಗೆ ಶಾಲೆಯ ತೋಟವನ್ನು ಮೂರು ಸಾರಿ ಓಡಿ ಸುತ್ತಬೇಕೆಂದು ತಂದೆಯು ಹೇಳಿಕಳುಹಿಸಿದ್ದ ಮಾತನ್ನು ಹುಡುಗನು ತಪ್ಪದೆ ನಡಿಸಿದನು. ತನ್ನ ಮೈಗಟ್ಟಿಗೆ ಈ ಅಭ್ಯಾಸವೂ ಒಂದು ಕಾರಣವೆಂದು ಮುದಿತನದಲ್ಲಿ ನೆನಸಿಕೊಳ್ಳುತ್ತಿದ್ದರು.

೧೭೨೦ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯಕ್ಕೆ ಸೇರಿ, ೧೭೨೫ರಲ್ಲಿ ಸಭಾಸೇವೆಗೆ ಅಭಿಷೇಕವನ್ನು ಹೊಂದಿ, ಮರುವರ್ಷ ಅಲ್ಲಿನ ಲಿಂಕನ್ ಕಾಲೇಜಿನಲ್ಲಿ ಫೆಲೋ ಆದರು. ೧೭೨೯ರಿಂದ ಇವರೂ ಇವರ ತಮ್ಮನಾದ ಚಾರ್ಲ್ಸರೂ ಕೆಲವರು ಸ್ನೇಹಿತರೂ ಕೂಡಿ ವೇದವನ್ನು ಓದುತ್ತಾ, ಸೆರೆಮನೆಗಳನ್ನೂ ಬಡವರ ಮನೆಗಳನ್ನೂ ಸಂದರ್ಶಿಸುತ್ತಾ, ಬುಧವಾರ ಶುಕ್ರವಾರಗಳಲ್ಲಿ ಮಧ್ಯಾಹ್ನ ಮೂರು ಘಂಟೆಯ ವರೆಗೆ ಉಪವಾಸವಿರುತ್ತಾ ಇದ್ದರು. ಎಲ್ಲವನ್ನೂ ಕ್ರಮದಿಂದ ಮಾಡುತ್ತಿದ್ದದರಿಂದ ಜನರು ಹಾಸ್ಯಕ್ಕಾಗಿ ಇವರನ್ನು ಮೆಥಡಿಸ್ಟರು, ಅಂದರೆ ಕ್ರಮಸ್ಥರು, ಎಂದು ಕರೆದರು.

ಈ ಗುಂಪಿನಲ್ಲಿ ವಿಲ್ಯಮ್ ಮಾರ್ಗನ್ ಎಂಬ ಐರ್ಲೆಂಡ್ ದೇಶದ ಯೌವನಸ್ಥನಿದ್ದನು. ಸೆರೆಯವರ ಬಳಿಗೆ ಮೊದಲು ಹೋಗಿ ಇತರರನ್ನೂ ಕರೆದುಕೊಂಡು ಹೋದವನು ಇವನೇ. ಇವನು ರೋಗಿಯಾಗಿ, ಬುದ್ಧಿಯೂ ಕದಲಿ, ೧೭೩೨ರ ಆಗಸ್ಟ್ ತಿಂಗಳಲ್ಲಿ ಡಬ್ಲಿನ್ ಪಟ್ಟಣದಲ್ಲಿ ಮೃತನಾದನು. ವೆಸ್ಲಿ ಸಹೋದರರು ಕಲಿಸಿದ ಕಠಿಣವಾದ ಉಪವಾಸವೇ ಈ ಹುಡುಗನನ್ನು ಕೊಂದಿತೆಂಬ ಸುದ್ದಿಯು ಊರಲ್ಲೆಲ್ಲಾ ಹಬ್ಬಿತು. ವೆಸ್ಲಿಯವರು ಮೃತನ ತಂದೆಗೆ ದೀರ್ಘವಾದ ಪತ್ರವನ್ನು ಬರೆದು, ಅವನು ಉಪವಾಸವನ್ನು ಬಿಟ್ಟು ಒಂದು ವರ್ಷಕ್ಕೂ ಹೆಚ್ಚು ಕಾಲವಾಗಿತ್ತೆಂದು ತಿಳಿಸಿ, ತಮ್ಮ ಗುಂಪಿನ ನಡವಳಿಕೆಯನ್ನೆಲ್ಲಾ ವಿವರಿಸಿದರು. ತಂದೆಯು ಸಮಾಧಾನಹೊಂದಿ ತನ್ನ ಎರಡನೆಯ ಮಗನನ್ನೂ ಇವರ ಕೈಕೆಳಗೇ ಓದುವದಕ್ಕೆ ಕಳುಹಿಸಿದನು. ಆದರೆ ವೆಸ್ಲಿಯವರ ಸ್ವಂತ ದೇಹವೂ ಆಗ ಸುಸ್ಥಿತಿಯಲ್ಲಿರಲಿಲ್ಲ. ಸುಮಾರು ಇಪ್ಪತ್ತೇಳನೆಯ ವಯಸ್ಸಿನಿಂದ ಕೆಲವು ವರ್ಷಗಳ ಪರ್ಯಂತ ಅವರು ಕೆಮ್ಮಿದಾಗ ರಕ್ತವು ಕಾಣಿಸಿಕೊಳ್ಳುತ್ತಿತ್ತು.

೧೭೩೫ರಲ್ಲಿ ಅಮೇರಿಕಾ ಖಂಡದ ಜಾರ್ಜಿಯಾ ಸೀಮೆಗೆ ಸುವಾರ್ತಿಕರಾಗಿ ಹಡಗು ಹತ್ತಿದರು. ಅಲ್ಲಿನ ಬೆಚ್ಚಗಿನ ಹವೆಯಿಂದ ಆ ರೋಗವು ನಿಂತಿತು; ಆದರೆ ಮನಸ್ಸಿಗೆ ಶಾಂತಿ ಸಿಕ್ಕಲಿಲ್ಲ. ಸುಮಾರು ಎರಡು ವರ್ಷಗಳ ಮೇಲೆ, ಪರರನ್ನು ತಿರುಗಿಸಬೇಕೆಂದು ಹೋದ ತಾನೇ ಇನ್ನೂ ದೇವರ ಕಡೆಗೆ ತಿರುಗಿಲ್ಲವೆಂಬ ದುಃಖದಿಂದ ಸ್ವದೇಶಕ್ಕೆ ಹಿಂದಿರುಗಿದರು. ೧೭೩೮ನೆಯ ಇಸವಿಯ ಮೇ ತಿಂಗಳ ೨೪ರಂದು ಸಾಯಂಕಾಲ ಲಂಡನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ, ರೋಮಾಪುರದವರ ಪತ್ರಿಕೆಗೆ ಲೂಥರರು ಬರೆದ ಪೀಠಿಕೆಯು ಓದಲ್ಪಡುತ್ತಿರುವಾಗ, ಕ್ರಿಸ್ತನು ತನ್ನ ಪಾಪಗಳನ್ನೇ ತೆಗೆದುಹಾಕಿದ್ದಾನೆಂಬ ಭರವಸವು ಇವರ ಹೃದಯದಲ್ಲಿ ಹುಟ್ಟಿತು. ಅಂದಿನಿಂದ ಇವರ ಕಟ್ಟುನಿಟ್ಟುಗಳ ಬೇರೇ ಬೇರೆಯಾಯಿತು. ಮೊದಲು ರಕ್ಷಣೆಯನ್ನು ಸಂಪಾದಿಸುವದಕ್ಕಾಗಿ ದೇಹವನ್ನು ದಂಡಿಸಿದರು. ಈಗ ರಕ್ಷಣೆಯನ್ನು ಉಚಿತವಾಗಿ ಹೊಂದಿದವರಾಗಿ, ದೇಹವನ್ನು ಸೇವೆಗೆ ಸಿದ್ಧವಾಗಿಡುವದಕ್ಕಾಗಿ ಕ್ರಮಪಡಿಸಿದರು.

೧೭೩೯ರ ಏಪ್ರಿಲ್ ತಿಂಗಳ ೨ರಂದು ಬ್ರಿಸ್ಟಲ್ ಪಟ್ಟಣದ ಹೊರಗೆ ಬಯಲಿನಲ್ಲಿ ಮೊದಲ ಸಾರಿ ಪ್ರಸಂಗಮಾಡಿದರು. ಆಮೇಲೆ ಐವತ್ತು ವರ್ಷಗಳ ಪರ್ಯಂತ, ಮಳೆಯಲ್ಲಿಯೂ ಹಿಮದಲ್ಲಿಯೂ, ಗಣಿಗಳಲ್ಲಿ ಅಗೆಯುವವರಿಗೂ ನೇಯುವವರಿಗೂ ಕೂಲಿಯವರಿಗೂ ಸುವಾರ್ತೆಯನ್ನು ಸಾರುತ್ತಾ ಸಂಚರಿಸಿದರು. ಒಟ್ಟು ಸುಮಾರು ಎರಡೂವರೆ ಲಕ್ಷ ಮೈಲು ಸಂಚಾರವೂ ಸುಮಾರು ನಾಲ್ವತ್ತು ಸಾವಿರ ಪ್ರಸಂಗಗಳೂ ಆದವೆಂದು ಲೆಕ್ಕಹಾಕಿದ್ದಾರೆ.

ಇಷ್ಟು ಕೆಲಸವನ್ನು ಹೊತ್ತ ದೇಹವನ್ನು ಅವರು ಹೇಗೆ ನಡಿಸಿಕೊಂಡರು? ನಿದ್ರೆಯ ವಿಷಯವನ್ನು ನೋಡಿರಿ. ಅವರಿಗೆ ಪ್ರತಿರಾತ್ರಿಯೂ ನಡುವೆ ಎಚ್ಚರವಾಗಿ ಬಹಳ ಹೊತ್ತು ನಿದ್ರೆಬಾರದೆ ಇತ್ತು. ದೇಹಕ್ಕೆ ಬೇಕಾದದಕ್ಕಿಂತ ಹೆಚ್ಚು ಹೊತ್ತು ತಾನು ಮಲಗುತ್ತಿರಬಹುದೆಂದು ಯೋಚಿಸಿ, ಎಚ್ಚರಿಸುವ ಗಡಿಯಾರವೊಂದನ್ನು ಕೊಂಡು, ಒಂದು ದಿನ ಏಳು ಘಂಟೆಗೂ, ಮರುದಿನ ಆರಕ್ಕೂ, ಆಮೇಲೆ ಐದಕ್ಕೂ, ಕಡೆಗೆ ನಾಲ್ಕಕ್ಕೂ ಎದ್ದುನೋಡಿದರು. ನಾಲ್ಕು ಘಂಟೆಗೆ ಎದ್ದ ದಿನದಿಂದ ರಾತ್ರಿಯೆಲ್ಲಾ ಎಚ್ಚರವಿಲ್ಲದೆ ನಿದ್ರೆಬಂತು. ಅದೇ ತನ್ನ ಅಳತೆಯೆಂದು ತಿಳಿದು, ಬೇಗ ಮಲಗಿ ಬೇಗ ಏಳುವದನ್ನು ಮುದಿತನದ ವರೆಗೂ ನಡಿಸಿದರು. ಆದರೆ ಎಲ್ಲರಿಗೂ ಒಂದೇ ಅಳತೆಯಿಲ್ಲವೆಂದೂ, ಆರು ಘಂಟೆಗಿಂತ ಬಹಳ ಕಡಿಮೆ ನಿದ್ರೆಯಿಂದ ಯಾರೂ ಸುಖವಾಗಿರಲಾರರೆಂದೂ ಅವರೇ ಬೋಧಿಸಿದರು. ಪ್ರಾಯಸ್ಥರಿಗೆ ಏಳು ಘಂಟೆಗೆ ಕಡಿಮೆಯಿಲ್ಲದ ನಿದ್ರೆ ಬೇಕೆಂದು ಈಗಿನ ವೈದ್ಯರು ಹೇಳುತ್ತಾರೆ. ಆದದರಿಂದ ನಾಲ್ಕು ಘಂಟೆಯೆಂಬ ಅಂಕಿಯನ್ನಲ್ಲ, ತನ್ನ ದೇಹವನ್ನು ಪರೀಕ್ಷಿಸಿ ತಿಳಿದುಕೊಂಡ ಎಚ್ಚರಿಕೆಯನ್ನೇ ನಾವು ಅನುಸರಿಸತಕ್ಕದ್ದು.

ಊಟದಲ್ಲಿಯೂ ಮಿತವಾಗಿದ್ದರು. ಬೆಳಿಗ್ಗೆ ತನ್ನ ಕೈ ನಡುಗುವದನ್ನು ಕಂಡು, ಅದಕ್ಕೆ ಚಹಾವೇ ಕಾರಣವೆಂದು ನಂಬಿ, ೧೭೪೬ರಲ್ಲಿ ಚಹಾ ಕುಡಿಯುವದನ್ನು ಬಿಟ್ಟರು. ಮೊದಲ ಮೂರು ದಿನ ತಲೆನೋವಿನಿಂದಲೂ ಮಂಪರದಿಂದಲೂ ಕಷ್ಟಪಟ್ಟು, ಆಮೇಲೆ ಸುಖಹೊಂದಿದರು. ಅದರಿಂದ ಉಳಿಯುವ ಹಣವು ಬಡವರ ಊಟಕ್ಕೆ ಆಗುವದೆಂಬದು ಇನ್ನೊಂದು ಉದ್ದೇಶವಾಗಿತ್ತು.

ತಮ್ಮ ದೇಹವನ್ನು ಗಮನಿಸಿದವರು ಇತರರ ದೇಹಗಳನ್ನು ಮರೆಯಲಿಲ್ಲ. ವೈದ್ಯರಿಗೆ ಹಣಕೊಡಲಾರದ ಬಡವರು ಔಷಧವಿಲ್ಲದೆ ಸಾಯುವದನ್ನು ಕಂಡು, ಅದೇ ೧೭೪೬ರಲ್ಲಿ ಲಂಡನಿನಲ್ಲಿ ಧರ್ಮ ಔಷಧಶಾಲೆಯನ್ನು ತೆರೆದರು. ಐದು ತಿಂಗಳಲ್ಲಿ ಐನೂರಕ್ಕೂ ಹೆಚ್ಚು ಜನರಿಗೆ ಔಷಧ ಕೊಡಲ್ಪಟ್ಟಿತು. ಮರುವರ್ಷ ಮನೆವೈದ್ಯದ ಒಂದು ಚಿಕ್ಕ ಪುಸ್ತಕವನ್ನು ಅಗ್ಗವಾಗಿ ಅಚ್ಚುಮಾಡಿಸಿದರು. ಅವರ ಜೀವಮಾನದಲ್ಲಿಯೇ ಅದು ಇಪ್ಪತ್ತಮೂರು ಸಾರಿ ಅಚ್ಚಾಯಿತು. ಅದರಲ್ಲಿನ ಔಷಧಗಳಲ್ಲಿ ಅನೇಕವು ನಿಷ್ಪ್ರಯೋಜನವೆಂದು ಈಗ ತಿಳಿದಿದೆ. ಆದರೆ ಶುಚಿಯಾಗಿರುವದು, ಮಿತವಾಗಿ ತಿನ್ನುವದು, ನೀರನ್ನು ಕುಡಿಯುವದು, ದಿನಾಲು ನಡೆಯುವದು, ಹೊತ್ತಿಗೆ ಮಲಗುವದು, ಕೋಪವನ್ನೂ ಚಿಂತೆಯನ್ನೂ ಅಡಗಿಸುವದು, ಇವೆಲ್ಲಕ್ಕೂ ಮೇಲಾಗಿ ದೇವರನ್ನು ಪ್ರೀತಿಸುವದು ಎಂದು ಪೀಠಿಕೆಯಲ್ಲಿ ಹೇಳಿರುವ ನಿಯಮಗಳು ಹಳೆಯವಾಗಲಿಲ್ಲ.

ತಮ್ಮ ಕೈಕೆಳಗಿನ ಪ್ರಸಂಗಿಗಳಿಗೂ ಹೀಗೆಯೇ ಬುದ್ಧಿಹೇಳುತ್ತಿದ್ದರು. ಕೂಗಿ ಕಿರಿಚಿ ಪ್ರಸಂಗಿಸಬಾರದು, ಬಹಳ ಹೊತ್ತು ಎಳೆಯಬಾರದು, ಪ್ರಸಂಗವಾದ ಮೇಲೆ ಲಿಂಬೆಯ ಪಾನಕವನ್ನಾಗಲಿ ಸಕ್ಕರೆಯ ಪಾಕದಲ್ಲಿಟ್ಟ ಕಿತ್ತಳೆಯ ಸಿಪ್ಪೆಯನ್ನಾಗಲಿ ತೆಗೆದುಕೊಳ್ಳಬಹುದು, ರಾತ್ರಿಯೂಟವು ಹಗುರವಾಗಿರಬೇಕು. ಗಂಟಲನ್ನು ಹರಿದುಕೊಳ್ಳುವ ಬೋಧಕನು ದೇವರಿಗೆ ಹೆಚ್ಚು ಸೇವೆಯನ್ನು ಸಲ್ಲಿಸುವದಿಲ್ಲ. ನಾಳೆ ಮಾತಾಡಬೇಕಾದ ಬಾಯಿಯನ್ನು ಇಂದೇ ಮುಚ್ಚಿಸಿಕೊಳ್ಳುತ್ತಾನೆ ಎಂಬದೇ ಅವರ ಅಭಿಪ್ರಾಯವಾಗಿತ್ತು.

ಹೀಗಿದ್ದರೂ ಪರರಿಗೆ ಹೇಳಿದ್ದನ್ನು ತಾನೇ ಮೀರಿದ ಒಂದು ಕಾಲವು ಬಂತು. ೧೭೫೩ರ ಶರತ್ಕಾಲದಲ್ಲಿ ಅವರಿಗೆ ಚಳಿಜ್ವರ ಹಿಡಿಯಿತು. ಸ್ವಲ್ಪ ಗುಣವಾಗುತ್ತಲೆ ಎದ್ದು ಪ್ರಯಾಣಮಾಡಿದರು, ಪ್ರಸಂಗಿಸಿದರು. ತಿರಿಗಿ ಬಿದ್ದರು, ತಿರಿಗಿ ಎದ್ದರು. ಕೆಮ್ಮೂ ಎದೆನೋವೂ ಜ್ವರವೂ ಹೆಚ್ಚಿದವು. ನವೆಂಬರ್ ತಿಂಗಳ ೨೬ರಂದು ಫಾದರ್ಗಿಲ್ ಎಂಬ ವೈದ್ಯರು ಬಂದು ನೋಡಿ, ಇನ್ನು ಒಂದು ದಿನವೂ ಪಟ್ಟಣದಲ್ಲಿ ನಿಲ್ಲದೆ ಹಳ್ಳಿಯ ಹವೆಗೆ ಹೋಗಿ ವಿಶ್ರಮಿಸಿಕೊಳ್ಳಬೇಕೆಂದು ಅಪ್ಪಣೆಕೊಟ್ಟರು. ಸಾವಿರಾರು ಜನರು ಇವರ ಬಾಯಿಂದ ಜೀವದ ಮಾತನ್ನು ಕೇಳಬೇಕೆಂದು ಕಾಯುತ್ತಿದ್ದರು. ಸಂಘಗಳೆಲ್ಲಾ ಇವರ ಮೇಲೆಯೇ ಆತುಕೊಂಡಿದ್ದವು. ಇಂಥವರಿಗೆ ಬಿಟ್ಟುಹೋಗುವದು ಎಷ್ಟು ಕಷ್ಟವೆಂಬದನ್ನು ಸೇವೆಮಾಡುವವರೇ ಬಲ್ಲರು. ಆದರೂ ಅವರು ಎದುರುಮಾತಾಡದೆ ಲೂಯಿಷಮ್ ಎಂಬ ಹಳ್ಳಿಗೆ ಹೋದರು. ತಾನು ಉಳಿಯುವನೆಂಬ ನಂಬಿಕೆಯಿಲ್ಲದ್ದರಿಂದ, ಜನರು ತನ್ನನ್ನು ಸುಮ್ಮನೆ ಹೊಗಳಬಾರದೆಂದು, ಸಮಾಧಿಯ ಮೇಲೆ ಬರೆಯಬೇಕಾದದ್ದನ್ನು ತಾನೇ ಬರೆದಿಟ್ಟರು. ಸಾಲವನ್ನು ತೀರಿಸಿದ ಮೇಲೆ ಹತ್ತು ಪೌನುಗಳನ್ನು ಕೂಡಾ ಬಿಟ್ಟುಹೋಗದ ನಿಷ್ಪ್ರಯೋಜಕನಾದ ಆಳೆಂಬದು ಅದರ ಭಾವ. ಸಂಘಗಳಲ್ಲಿ ಜನರು ಕಣ್ಣೀರಿನಿಂದ ಪ್ರಾರ್ಥಿಸಿದರು.

ಮುಂದಿನ ಜನವರಿ ತಿಂಗಳಲ್ಲಿ ಬ್ರಿಸ್ಟಲಿನ ಬಳಿಯಲ್ಲಿರುವ ಬಿಸಿನೀರಿನ ಬುಗ್ಗೆಯ ಸ್ಥಳಕ್ಕೆ ಹೋದರು. ಪ್ರಯಾಣಕ್ಕೂ ಪ್ರಸಂಗಕ್ಕೂ ಬಲವಿಲ್ಲ. ಓದುವದಕ್ಕೂ ಬರೆಯುವದಕ್ಕೂ ಮಾತ್ರ ಬಲವುಂಟು. ಆಗ, ೧೭೫೪ರ ಜನವರಿ ೬ರಂದು, ಹೊಸ ಒಡಂಬಡಿಕೆಗೆ ಟಿಪ್ಪಣಿಗಳನ್ನು ಬರೆಯಲಾರಂಭಿಸಿದರು. ಓದು ಬಲ್ಲದ ಸಾಮಾನ್ಯ ಜನರಿಗೂ ವೇದವು ತಿಳಿಯುವ ಹಾಗೆ ಸುಲಭವಾಗಿ ಬರೆಯಬೇಕೆಂಬದು ಅವರ ಬಹುಕಾಲದ ಬಯಕೆ. ಸಂಚಾರದ ನಡುವೆ ಅದಕ್ಕೆ ಎಡೆಯೇ ಸಿಕ್ಕಿರಲಿಲ್ಲ. ಕುದುರೆಯ ಮೇಲೆ ಸ್ವಲ್ಪ ತಿರುಗಾಟಕ್ಕೂ ಊಟಕ್ಕೂ ಹೊತ್ತನ್ನು ಗೊತ್ತುಮಾಡಿಕೊಂಡು, ಮಿಕ್ಕ ಹೊತ್ತನ್ನೆಲ್ಲಾ ಅದಕ್ಕೇ ಕೊಟ್ಟರು. ನಾಲ್ಕು ತಿಂಗಳು ಸುಮ್ಮನಿದ್ದ ಮೇಲೆ ಮಾರ್ಚ್ ತಿಂಗಳಲ್ಲಿ ತಿರಿಗಿ ಪ್ರಸಂಗಿಸಿದರು. ಆ ಟಿಪ್ಪಣಿಯ ಪುಸ್ತಕವು ೧೭೫೫ರಲ್ಲಿ ಅಚ್ಚಾಗಿ, ಅವರ ಪ್ರಸಂಗಗಳ ಪುಸ್ತಕದೊಡನೆ ಮೆಥಡಿಸ್ಟ್ ಬೋಧಕರೆಲ್ಲರಿಗೂ ಉಪದೇಶದ ಅಳತೆಗೋಲಾಯಿತು. ಇಷ್ಟು ಕಾಯಿಲೆ ಬಾರದೆ ಇದ್ದರೆ ಆ ಕೆಲಸಕ್ಕೆ ತಾನು ಕೈಹಾಕುತ್ತಲೇ ಇರಲಿಲ್ಲವೆಂದು ಅವರೇ ಒಪ್ಪಿಕೊಂಡರು. ಬದರೀಗಿಡದ ಕೆಳಗೆ ಬಿದ್ದಿದ್ದ ಎಲೀಯನನ್ನು ದೇವರು ಗದರಿಸದೆ, ದೂತನ ಕೈಯಿಂದ ರೊಟ್ಟಿಯನ್ನೂ ನೀರನ್ನೂ ಕೊಡಿಸಿ, ಎರಡು ಸಾರಿ ಮಲಗಗೊಟ್ಟು, ಆಮೇಲಲ್ಲವೇ ಮುಂದಿನ ದಾರಿಯನ್ನು ತೋರಿಸಿದನು?

ಅವರ ಜೊತೆಗಾರರೆಲ್ಲರೂ ಹೀಗೆ ಉಳಿಯಲಿಲ್ಲ. ಮಹಾಪ್ರಸಂಗಿಯಾದ ಜಾರ್ಜ್ ವ್ಹಿಟ್‌ಫೀಲ್ಡರು ಎದೆಯ ರೋಗವನ್ನು ಲೆಕ್ಕಿಸದೆ, ೧೭೭೦ರ ಸೆಪ್ಟೆಂಬರಿನಲ್ಲಿ ಅಮೇರಿಕಾ ದೇಶದ ಒಂದು ಬಯಲಿನಲ್ಲಿ ಬಹು ಹೊತ್ತು ಪ್ರಸಂಗಮಾಡಿ, ಮರುದಿನ ಬೆಳಿಗ್ಗೆ ಐವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು. ಮ್ಯಾಡ್ಲಿ ಎಂಬ ಊರಿನ ಸಭಾಪಾಲಕರಾಗಿದ್ದ ಪರಿಶುದ್ಧರಾದ ಜಾನ್ ಫ್ಲೆಚರರೂ ೧೭೮೫ರಲ್ಲಿ ಅದೇ ವಯಸ್ಸಿನಲ್ಲಿ ಗತಿಸಿದರು. ಫ್ಲೆಚರರ ಚರಿತ್ರೆಯನ್ನು ಬರೆದ ವೆಸ್ಲಿಯವರು, ಯೌವನದಲ್ಲಿ ಇವರು ರಾತ್ರಿಗಳನ್ನು ನಿದ್ರೆಯಿಲ್ಲದೆ ಕಳೆದು, ಆಹಾರವನ್ನು ಮಿತಿಮೀರಿ ಕಡಿಮೆಮಾಡಿ ದೇಹವನ್ನು ಕೆಡಿಸಿಕೊಂಡದ್ದಕ್ಕಾಗಿ ವ್ಯಸನಪಟ್ಟರು. ಇವರಿಬ್ಬರ ಭಕ್ತಿಯನ್ನು ನಾವು ಕಿರಿದಾಗಿ ಎಣಿಸಬಾರದು. ಆದರೆ ಅವರ ಸಭೆಗಳು ಕಳೆದುಕೊಂಡ ವರ್ಷಗಳನ್ನು ನೆನಸಿದರೆ ದುಃಖವಾಗದೆ ಇರದು.

ವೆಸ್ಲಿಯವರಲ್ಲಿಯೂ ಕೊರತೆಯಿತ್ತು; ಅದನ್ನು ಮುಚ್ಚುವದು ಸತ್ಯವಲ್ಲ. ೧೭೫೧ರಲ್ಲಿ ಮೇರಿ ವ್ಹಾಜೇಲ್ ಎಂಬ ವಿಧವೆಯನ್ನು ಮದುವೆಮಾಡಿಕೊಂಡರು. ಹೆಂಡತಿಯಿದ್ದರೂ ಒಂದು ಪ್ರಸಂಗವಾದರೂ ಒಂದು ದಿನದ ಪ್ರಯಾಣವಾದರೂ ಕಡಿಮೆಯಾಗಬಾರದೆಂಬದೇ ಅವರ ನಿಯಮವಾಗಿತ್ತು. ಆಕೆಯ ಸಂಶಯಗಳೂ ಕೋಪವೂ ಬೆಳೆದವು. ಅವರ ಬಿಗಿತವೂ ಕಡಿಮೆಯಾಗಲಿಲ್ಲ. ಕಡೆಗೆ ಇಬ್ಬರೂ ಬೇರೆಬೇರೆಯಾದರು. ೧೭೮೧ರಲ್ಲಿ ಆಕೆಯು ತೀರಿಕೊಂಡಾಗ, ಹೂಣಿಟ್ಟ ಮೇಲೆಯೇ ಇವರಿಗೆ ಸುದ್ದಿ ಮುಟ್ಟಿತು. ದೇಹಕ್ಕೆ ವಿಶ್ರಾಂತಿಯ ಹೊತ್ತನ್ನು ಗೊತ್ತುಮಾಡಿದ ಇವರು ಮನೆಗೆ ಹೊತ್ತನ್ನು ಗೊತ್ತುಮಾಡಲಿಲ್ಲ. ಸೇವಕನ ಮನೆಯೂ ಒಪ್ಪಿಸಲ್ಪಟ್ಟ ಸೊತ್ತಿನೊಳಗೆ ಸೇರಿದ್ದೆಂದು ಅವರ ದುಃಖದಿಂದ ನಾವು ಕಲಿಯೋಣ.

ಎಪ್ಪತ್ತು ವರ್ಷ ಮೀರಿದ ಮೇಲೆ, ಹುಟ್ಟಿದ ದಿನವು ಬಂದಾಗ ಅವರು ತಮ್ಮ ದಿನಚರಿಯಲ್ಲಿ ತಮ್ಮ ಬಲದ ಕಾರಣಗಳನ್ನು ಬರೆಯುತ್ತಿದ್ದರು. ನಾಲ್ಕು ಘಂಟೆಗೆ ಏಳುವದು, ಬೆಳಿಗ್ಗೆ ಐದಕ್ಕೆ ಪ್ರಸಂಗಿಸುವದು, ವರ್ಷಕ್ಕೆ ನಾಲ್ಕೂವರೆ ಸಾವಿರ ಮೈಲಿಗೆ ಕಡಿಮೆಯಿಲ್ಲದೆ ಸಂಚರಿಸುವದು, ಬೇಕೆಂದಾಗ ನಿದ್ರೆಮಾಡಬಲ್ಲದ್ದು, ದುಃಖವು ಬಂದರೂ ಒಳಗೊಳಗೆ ಕುದಿಯದೆ ಇರುವದು, ಇವೆಲ್ಲವನ್ನೂ ಎಣಿಸಿ, ಕಡೆಗೆ ಎಲ್ಲವೂ ಅನೇಕರ ಪ್ರಾರ್ಥನೆಗೆ ದೇವರು ಕೊಟ್ಟ ಉತ್ತರವೆಂದು ಮುಗಿಸುತ್ತಿದ್ದರು.

ಇಷ್ಟೆಲ್ಲಾ ಕಾಪಾಡಿದ ದೇಹವನ್ನು ಅವರು ಯಾವದಕ್ಕಾಗಿ ಕಾಪಾಡಿದರೆಂಬದು ೧೭೮೫ರ ಜನವರಿ ತಿಂಗಳಲ್ಲಿ ಗೊತ್ತಾಯಿತು. ಆಗ ಅವರಿಗೆ ಎಂಭತ್ತೊಂದು ವರ್ಷ. ಚಳಿಗಾಲದಲ್ಲಿ ಬಟ್ಟೆಯಿಲ್ಲದ ಬಡವರನ್ನು ಕಂಡು, ಲಂಡನಿನ ಬೀದಿಗಳಲ್ಲಿ ಮನೆಮನೆಗೆ ನಡೆದುಹೋಗಿ ಇನ್ನೂರು ಪೌನುಗಳನ್ನು ಬೇಡಿ ಕೂಡಿಸಿದರು. ಕರಗುವ ಹಿಮವು ಕಣಕಾಲಿನ ವರೆಗೆ ತುಂಬಿತ್ತು. ಬೆಳಿಗ್ಗೆಯಿಂದ ಸಾಯಂಕಾಲದ ವರೆಗೆ ಪಾದಗಳು ಆ ನೀರಿನಲ್ಲಿಯೇ ಇದ್ದವು. ವಾರದ ಕಡೆಯಲ್ಲಿ ಬಲವಾದ ಅತಿಸಾರ ಹಿಡಿಯಿತು. ಅವರು ವೈದ್ಯರನ್ನು ಕರೆಯಿಸಿ, ಔಷಧವನ್ನು ತೆಗೆದುಕೊಂಡು ಸ್ವಸ್ಥರಾದರು. ಹಿಮದಲ್ಲಿ ನಡೆದದ್ದೂ ಭಕ್ತಿಯೇ, ವೈದ್ಯರನ್ನು ಕರೆಯಿಸಿದ್ದೂ ಭಕ್ತಿಯೇ.

೧೭೯೦ರ ಆರಂಭದಲ್ಲಿ ಕಣ್ಣು ಮಬ್ಬಾಗಿ ಬಲಗೈ ನಡುಗುತ್ತಿದ್ದರೂ ಪ್ರಸಂಗವೂ ಬರವಣಿಗೆಯೂ ನಿಲ್ಲಲಿಲ್ಲ. ೧೭೯೧ರ ಫೆಬ್ರವರಿ ೨೩ರಂದು ಕಡೆಯ ಪ್ರಸಂಗವನ್ನು ಮಾಡಿದರು. ಮರುದಿನ, ಗುಲಾಮರ ವ್ಯಾಪಾರವನ್ನು ನಿಲ್ಲಿಸುವದಕ್ಕಾಗಿ ಹೋರಾಡುತ್ತಿದ್ದ ವಿಲ್ಬರ್‌ಫೋರ್ಸರಿಗೆ ಧೈರ್ಯಹೇಳಿ ಕಡೆಯ ಪತ್ರವನ್ನು ಬರೆದರು. ಮಾರ್ಚ್ ೨ರಂದು ಬೆಳಿಗ್ಗೆ, ಎಂಭತ್ತೇಳನೆಯ ವಯಸ್ಸಿನಲ್ಲಿ, ಕರ್ತನಲ್ಲಿ ನಿದ್ರೆಹೋದರು. ಅವರ ಮರಣಶಾಸನದ ಪ್ರಕಾರ ಆರು ಮಂದಿ ಬಡವರು ತಲೆಗೆ ಒಂದು ಪೌನಿನಂತೆ ಕೂಲಿಯನ್ನು ಹೊಂದಿ ಶವಪೆಟ್ಟಿಗೆಯನ್ನು ಹೊತ್ತರು. ಹೀಗೆ ಆ ದೇಹವು ಸಮಾಧಿಗೆ ಹೋಗುವಾಗಲೂ ಬಡವರಿಗೆ ಉಪಯೋಗವಾಯಿತು.

ಅವರ ಹೆಸರನ್ನು ಹೊತ್ತ ವೆಸ್ಲಿಯನ್ ಮಿಷನಿನವರು ೧೯ನೆಯ ಶತಮಾನದಲ್ಲಿ ನಮ್ಮ ಮೈಸೂರು ಸೀಮೆಗೂ ಬಂದು, ಸುವಾರ್ತೆಯ ಜೊತೆಗೆ ಶಾಲೆಗಳನ್ನೂ ಆಸ್ಪತ್ರೆಗಳನ್ನೂ ಸ್ಥಾಪಿಸಿದರು. ೧೯೦೬ರಲ್ಲಿ ತೆರೆಯಲ್ಪಟ್ಟ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯು ಆ ಕೆಲಸದ ಒಂದು ಫಲ. ೧೯೪೭ರಲ್ಲಿ ಆ ಮಿಷನಿನ ಸಭೆಗಳು ದಕ್ಷಿಣ ಇಂಡಿಯಾ ಸಭೆಯಲ್ಲಿ ಸೇರಿದವು. ಲಂಡನಿನ ಬಡವರ ಔಷಧಶಾಲೆಯ ಭಾವವೇ ಹೀಗೆ ನಮ್ಮ ನಾಡಿಗೂ ಬಂದು ಮುಟ್ಟಿತು.

ಪ್ರಿಯರೇ, ಮನೆಯವರೆಲ್ಲರಿಗೂ ಬಡಿಸಿ, ಗಡಿಗೆಯಲ್ಲಿ ಉಳಿದ ತಳವನ್ನು ಮಾತ್ರ ತಿಂದು, ಜ್ವರವನ್ನು ಮುಚ್ಚಿಟ್ಟುಕೊಂಡು ಕಳೆ ಕೀಳುವದಕ್ಕೆ ಹೋಗುವ ತಾಯಂದಿರು ನಮ್ಮ ಸಭೆಗಳಲ್ಲಿದ್ದಾರೆ. ಭಾನುವಾರದಲ್ಲಿ ಮೂರು ಹಳ್ಳಿಗಳನ್ನು ನಡೆದು, ಸೋಮವಾರವೂ ಕುಳಿತುಕೊಳ್ಳದ ಉಪದೇಶಿಗಳಿದ್ದಾರೆ. ರೋಗವಿದ್ದರೂ ಉಪವಾಸವನ್ನು ಬಿಡದ ಹಿರಿಯರಿದ್ದಾರೆ. ಇವರ ಪ್ರೀತಿಯನ್ನು ಕರ್ತನು ಬಲ್ಲನು. ಆದರೆ ಜನರು ಬಂದುಹೋಗುವ ಸಂದಣಿಯಲ್ಲಿ ಊಟಕ್ಕೂ ಸಮಯವಿಲ್ಲದೆ ಇದ್ದ ಶಿಷ್ಯರನ್ನು ಏಕಾಂತಸ್ಥಳಕ್ಕೆ ಕರೆದು ದಣುವಾರಿಸಿಕೊಳ್ಳಿರೆಂದು ಹೇಳಿದವನೂ ಆ ಕರ್ತನೇ. ತಾಯಿಯು ಹೊತ್ತಿಗೆ ಉಣ್ಣುವ ಹಾಗೆ ಗಂಡನೂ ಮಕ್ಕಳೂ ನೋಡಿಕೊಳ್ಳಲಿ. ಜ್ವರವು ಮೂರು ದಿನ ನಿಂತರೆ ಆಸ್ಪತ್ರೆಗೆ ಹೋಗುವದನ್ನು ಅಪನಂಬಿಕೆಯೆಂದು ಯಾರೂ ಹೇಳದಿರಲಿ. ಉಪದೇಶಿಗೆ ವಾರದಲ್ಲಿ ಒಂದು ದಿನದ ಬಿಡುವನ್ನು ಸಭೆಯವರೇ ಗೊತ್ತುಮಾಡಲಿ.

ನಮ್ಮ ದೇಹವು ನಮ್ಮ ಸ್ವಂತದ್ದಲ್ಲ, ಕ್ರಯಕ್ಕೆ ಕೊಳ್ಳಲ್ಪಟ್ಟದ್ದು. ಯಜಮಾನನು ಬಂದು ತನ್ನ ಎತ್ತುಗಳನ್ನು ಕೇಳುವ ದಿನದಲ್ಲಿ, ಕೊಟ್ಟಿಗೆಯಲ್ಲಿ ಕೊಬ್ಬಿದವುಗಳನ್ನಾಗಲಿ ಅಕಾಲದಲ್ಲಿ ನೊಗದ ಕೆಳಗೆ ಸತ್ತವುಗಳನ್ನಾಗಲಿ ತೋರಿಸದೆ, ಉತ್ತು ಬಿತ್ತಿದ ಹೊಲವನ್ನು ತೋರಿಸುವ ಭಾಗ್ಯವನ್ನು ಆತನು ನಮಗೆಲ್ಲರಿಗೂ ಅನುಗ್ರಹಿಸಲಿ.